ಒರೆಸಿಟ್ಟ ಮನೆ

"ಹೆರೋಕೆ ಗೊತ್ತು, ನೆಲ ಒರೆಸೋಕೆ ಗೊತ್ತಿಲ್ಲ. ಈ ಜನಾನೇ ಇಷ್ಟು. ಅದಕ್ಕೆ ನನ್ನ ಮನೆ ಮೇಲೆ ಯಾಕೆ ಗೂಬೆ ಕೂರಿಸ್ತೀರಿ ಮೇಡಂ?"

ಬಿಳಿಯನಾದ ಮನೆ ಮಾಲೀಕ ಹಾಲ್ಕಮ್ ಇದನ್ನು ಹೇಳಿದ್ದು ಬಾಡಿಗೆಗಿದ್ದ ಲಾಟ್ರಿಸ್‌ಗಲ್ಲ. ಲಾಟ್ರಿಸ್ ಮೂರಡಿ ದೂರದಲ್ಲಿ, ಬಾಗಿಲಲ್ಲೇ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಅವಳು ಅಲ್ಲಿ ಇಲ್ಲವೇ ಇಲ್ಲವೆನ್ನುವ ಹಾಗೆ ಅವನು ವರ್ನಿಟಾಳ ಮುಖ ನೋಡಿ ಮಾತಾಡುತ್ತಿದ್ದ.

ಹಳೆ ಮನೆಗಳ ಬಣ್ಣದಲ್ಲಿನ ಸೀಸದ ವಿಷ ಮಕ್ಕಳ ಮೈ ಸೇರದಂತೆ ನೋಡುವ ನಗರಸಭೆಯ ಸೀಸ ತಡೆ ಕಾರ್ಯಕ್ರಮಕ್ಕೆ ವರ್ನಿಟಾ ಮುಖ್ಯಸ್ಥೆ. ಲಾಟ್ರಿಸ್‌ಳ ಹಾಗೇ ಕರಿಯ ಜನಾಂಗದವಳು. ಹುಟ್ಟಿ ಬೆಳೆದದ್ದು ಇಲ್ಲಿಂದ ಎರಡು ಬೀದಿ ಆಚೆ, ಇಂಥದೇ ಮರದ ಮನೆಯಲ್ಲಿ. ಕೊರಳಲ್ಲಿ ನಗರಸಭೆಯ ಗುರುತಿನ ಚೀಟಿ ತೂಗುತ್ತಿತ್ತು, ಅದಕ್ಕೇ ಅವಳು ಮೇಡಂ. ಅದು ಇಲ್ಲದಿದ್ದರೆ ಅವಳೂ 'ಈ ಜನ'ವೇ. ಅದು ಗೊತ್ತಿದ್ದೂ ಅವಳು "ಒಳಗೆ ಹೋಗೋಣ" ಎಂದಳು, ಅಷ್ಟೇ.

ಮಗುವಿನ ಹೆಸರು ಕಿಯಾರಾ, ಎರಡು ವರ್ಷ. ಅವ್ವ ಕೆಲಸ ಮುಗಿಸಿ ಬಸ್ಸಿಳಿಯುವುದನ್ನು ನೋಡುತ್ತಾ ಮುಂದಿನ ಕಿಟಕಿಯ ಕಟ್ಟೆ ಕಚ್ಚಿಕೊಂಡು ನಿಲ್ಲುವುದು ಅದರ ಅಭ್ಯಾಸ. ಕಟ್ಟೆಗೆ ಬಳಿದದ್ದು ಮುತ್ತಜ್ಜನ ಕಾಲದ ಸೀಸದ ಬಣ್ಣ, ನೆಕ್ಕಿದರೆ ಸಿಹಿ. ಏಪ್ರಿಲ್‌ನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಮಿದುಳು ಕೆಡಿಸುವಷ್ಟು ಸೀಸ ಸಿಕ್ಕಿತು. ಕಲಿತಿದ್ದ ಹತ್ತು ಮಾತಿನಲ್ಲಿ ಆರನ್ನು ಮಗು ಅಷ್ಟರಲ್ಲೇ ಮರೆತಿತ್ತು.

ಕಿಟಕಿಗಳನ್ನೇ ಬದಲಿಸಬೇಕೆಂದು ವರ್ನಿಟಾ ಹಾಲ್ಕಮ್‌ಗೆ ಆದೇಶ ಕೊಟ್ಟಿದ್ದಳು. ಅವನು ಯಾವನನ್ನೋ ಕಳಿಸಿ ಹಳೆಯದರ ಮೇಲೆಯೇ ಬಿಳಿ ಬಣ್ಣ ಬಳಿಸಿ ಕೈ ತೊಳೆದುಕೊಂಡ. ಈಗ ಕೊನೆಯ ಪರೀಕ್ಷೆ. ನೆಲದ, ಕಿಟಕಿಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಧೂಳಿನಲ್ಲಿ ಸೀಸ ಕಾಣದಿದ್ದರೆ ಆದೇಶ ರದ್ದು, ಮಾಲೀಕನ ಕೈಗೆ ಸರ್ಟಿಫಿಕೇಟು.

ಒಳಗೆ ಕಾಲಿಟ್ಟರೆ ಬ್ಲೀಚಿನ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ನೆಲದ ಮೇಲೇ ಬಡಿಸಿಕೊಂಡು ಉಣ್ಣಬಹುದಿತ್ತು, ಹಾಗಿತ್ತು.

"ನೀವ್ ಬರ್ತೀರಂತ ಕಾಗ್ದ ಬಂದು ಏಳು ದಿನ ಆಯ್ತು ನೋಡಿ ಮಿಸ್ ವರ್ನಿಟಾ, ಪುಡಿ ಉದುರ್ತದೆ ಅಂತ ಅವತ್ತಿಂದ ಕಿಟ್ಕಿ ಮುಟ್ಟಿಲ್ಲ" ಎಂದಳು ಲಾಟ್ರಿಸ್. "ಸೆಕೆಗೆ ಬೆಂದೋದ್ರೂ ತೆಗೀನಿಲ್ಲ. ನಿನ್ನೆಯಿಂದ ನಾಕ್ ಸಲ ಒರ್ಸಿವ್ನಿ. ಸಂದಿಗೆಲ್ಲಾ ಹಲ್ಲುಜ್ಜೋ ಬ್ರಷ್ ಹಾಕಿ ಉಜ್ಜಿವ್ನಿ. ಈಗ ಯಾವನಾದ್ರೂ ಕೊಳ್ಕು ಅನ್ಲಿ, ನೋಡ್ತೀನಿ."

ವರ್ನಿಟಾ ಬಗ್ಗಿ ನೆಲಕ್ಕೆ ಬೆರಳೊತ್ತಿ ನೋಡಿದಳು, ಒಂದು ಕಣವೂ ಹತ್ತಲಿಲ್ಲ.

ಊರಿನ ಈ ಮಗ್ಗುಲಲ್ಲಿ ಒರೆಸದ ಮನೆಗೆ ಯಾರೂ ಹೊರಗಿನವರನ್ನು ಬಿಟ್ಟುಕೊಳ್ಳುವುದಿಲ್ಲ. ವರ್ನಿಟಾಳ ಅವ್ವ ಹಗಲೆಲ್ಲಾ ಕಂಡವರ ಮನೆ ಒರೆಸಿ ಬಂದವಳು, ಸರ್ಕಾರದ ಹೆಂಗಸು ಬರುತ್ತಾಳೆಂದರೆ ಮತ್ತೆ ಮಂಡಿಯೂರಿ ತನ್ನ ಮನೆ ಒರೆಸುತ್ತಿದ್ದಳು. ವರ್ನಿಟಾಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೂ ಕಾನೂನಿನ ಪ್ರಕಾರ ಏಳು ದಿನ ಮುಂಚೆ ಕಾಗದ ಹಾಕುತ್ತಿದ್ದಳು, ತೊಳೆದ ಮನೆಯಲ್ಲಿ ಧೂಳು ಹುಡುಕುತ್ತಿದ್ದಳು. ಧೂಳೆಲ್ಲಿಂದ ಬರಬೇಕು! ಪಾಸು. ಸಹಿ. ಇಷ್ಟೊಂದು ಮನೆ ಪಾಸಾದವೆಂದು ವರ್ಷದ ಸಭೆಯಲ್ಲಿ ಅವಳಿಗೆ ಚಪ್ಪಾಳೆ ತಟ್ಟಿದ್ದರು, ಅವಳು ಎದ್ದು ನಿಂತು ನಕ್ಕಿದ್ದಳು.

"ಬೇಗ ಮುಗಿಸಿ ಮೇಡಂ, ಹೋದ ಸಲ ನನ್ನ ಇನ್ನೊಂದು ಮನೇದು ಮುಗಿಸಿದ ಥರ" ಎಂದ ಹಾಲ್ಕಮ್.

ಅವಳು ಲಾಟ್ರಿಸ್‌ಳನ್ನು ಅಡುಗೆಮನೆಗೆ ಕರೆದಳು. "ನೀನು ಒರೆಸಬಾರದಿತ್ತು ಕಣಮ್ಮ."

"ಏನಂದ್ರಿ?"

"ಧೂಳು ಸಿಗದಿದ್ರೆ ಇವನಿಗೆ ಸರ್ಟಿಫಿಕೇಟ್ ಸಿಗುತ್ತೆ. ಕಿಟಕಿ ಹಂಗೇ ಉಳಿಯುತ್ತೆ. ನಾಳೆ ನೀನು ಅದನ್ನ ತೆಗೆದು ಮುಚ್ಚಿದ್ರೆ ಬಣ್ಣ ಮತ್ತೆ ಉದುರುತ್ತೆ, ಮಗು ಮತ್ತೆ ತಿನ್ನುತ್ತೆ."

ಲಾಟ್ರಿಸ್ ಫ್ರಿಜ್ಜಿಗೆ ಅಂಟಿಸಿದ್ದ ನಗರಸಭೆಯ ಕರಪತ್ರವನ್ನು ಕಿತ್ತು ಅವಳ ಮುಖಕ್ಕೆ ಹಿಡಿದಳು. "ಇದ ಬರ್ದೋರ್ಯಾರು?"

"ನಾನೇ."

"ಓದು."

ವರ್ನಿಟಾ ಓದಿದಳು: "ಶುಚಿಯಾದ ಮನೆ, ಚುರುಕಾದ ಮಗು."

"ದಿನಾ ಓದ್ತಿದ್ದೆ ಕಣೇ ಇದ್ನ. ನನ್ ಮಗೀನ ನಾನೇ ಕೈಯಾರ ಹಾಳ್ ಮಾಡ್ದೆ, ನಾನೇ ಗಲೀಜು ಮುಂಡೆ ಅಂತ ಬಕೇಟ್ ಮುಂದೆ ಕುಂತು ಅತ್ತಿವ್ನಿ. ಈಗ ಬಂದು ಒರೆಸ್ಬಾರ್ದಿತ್ತು ಅಂತೀಯಾ? ಥೂ ನಿನ್ನ!"

"ನಿನ್ನ ತಪ್ಪಲ್ಲ. ಬಣ್ಣದ್ದು. ಅದನ್ನ ಮೊದಲ ದಿನಾನೇ ಹೇಳಬೇಕಿತ್ತು, ನಾನು ಹೇಳಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಏನು ಗುಸುಗುಸು?" ಹಾಲ್ಕಮ್ ಬಾಗಿಲಿಗೆ ಬಂದ. "ಫೇಲ್ ಮಾಡಿಸಿ ನೋಡೋಣ. ಮುಂದಿನ ತಿಂಗಳು ಈಕೆ ಗಂಟುಮೂಟೆ ಬೀದೀಲಿರುತ್ತೆ."

ಲಾಟ್ರಿಸ್ ಮಗುವನ್ನು ವರ್ನಿಟಾಳ ಕೈಗೆ ತುರುಕಿ ಮುಂದಿನ ಕೋಣೆಗೆ ಹೋದಳು. ಮೇಲೆ ಕೆಳಗೆ ಜಾರುವ ಕಿಟಕಿ ಹೊಸ ಬಣ್ಣಕ್ಕೆ ಕಚ್ಚಿಕೊಂಡಿತ್ತು, ಅದನ್ನು ಅಂಗೈಯಿಂದ ಗುದ್ದಿದಳು. ಎರಡನೇ ಗುದ್ದಿಗೆ ಅದು ಬಿಟ್ಟುಕೊಂಡಿತು. ಮೇಲಕ್ಕೆತ್ತಿದಳು, ಕೆಳಕ್ಕೆಳೆದಳು. ಮತ್ತೆ ಎತ್ತಿದಳು. ಚೌಕಟ್ಟು ಕಿರ್ರೆಂದು ಉಜ್ಜಿ, ಬಣ್ಣದ ಚಕ್ಕೆ, ಪುಡಿ ಎಲ್ಲಾ ಅವಳು ನಾಲ್ಕು ಸಲ ಒರೆಸಿದ ನೆಲದ ಮೇಲೆ ಸುರಿಯಿತು.

"ಏಯ್! ಬಿಡೇ, ಹುಚ್ಚು ಮುಂಡೆ!"

"ಯಾಕಯ್ಯಾ ಬುಡ್ಲಿ? ಬಾಡ್ಗೆ ಕೊಡೋಳು, ಬಿಸಿಲ್ಗಾಲ, ಕಿಟ್ಕಿ ತೆಗೀತಾವ್ನಿ. ಕಿಟ್ಕಿ ತೆಗೀದೆ ನಿನ್ ತಿಕ ತೆಗೀಲಾ?" ಅವಳು ಅಳುತ್ತಿದ್ದಳು. ಬೇರೆಯವರ ಕಣ್ಣೆದುರು ತನ್ನ ಮನೆ ಗಲೀಜಾಗುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಆದರೂ ಕೈ ನಿಲ್ಲಿಸಲಿಲ್ಲ.

ಕಿಯಾರಾ ಪುಡಿಯ ಕಡೆ ಕೈಚಾಚಿತು. ವರ್ನಿಟಾ ಆ ಕೈ ಹಿಡಿದುಕೊಂಡಳು.

"ಬರ್ಕೊಳ್ಳಿ ಮೇಡಂ! ಇದು ಮೋಸ!"

"ಬರೀತೀನಿ. ಕಿಟಕಿ ತೆಗೆದು ಮುಚ್ಚಿದ್ದಕ್ಕೇ ಇಷ್ಟು ಉದುರಿತು ಅಂತ ಬರೀತೀನಿ. ದಾರಿ ಬಿಡಿ."

ತಾಯಿ, ಮಗು ಇಬ್ಬರನ್ನೂ ಜಗಲಿಗೆ ಕಳಿಸಿ ವರ್ನಿಟಾ ಕೈಗವಸು ಹಾಕಿಕೊಂಡು ಮಂಡಿಯೂರಿದಳು. ನೆಲದಲ್ಲಿ ಒಂದು ಚದರಡಿ ಗುರುತು ಮಾಡಿ ಒರೆಸಿದಳು. ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಅದನ್ನು ಮಡಿಸಿ, ನಳಿಗೆಯೊಳಗಿಟ್ಟು, ಮುಚ್ಚಳ ತಿರುವಿದಳು. ಹಾಲ್ಕಮ್ ಆಗಲೇ ಫೋನಿನಲ್ಲಿ ಅವಳ ಮೇಲಿನ ಸಾಹೇಬನಿಗೆ ದೂರು ಹೇಳುತ್ತಿದ್ದ. ಹೇಳಿಕೊಳ್ಳಲಿ. ಅವಳು ಬಕೆಟ್ಟಿನಿಂದ ಬಟ್ಟೆ ಹಿಂಡಿ ಉಳಿದ ಪುಡಿ ಒರೆಸತೊಡಗಿದಳು.

"ಬುಡು, ನನ್ ಮನೆ ನಾನ್ ಒರ್ಸ್ಕತೀನಿ" ಎಂದಳು ಲಾಟ್ರಿಸ್ ಜಗಲಿಯಿಂದ. ಬೀದಿಯುದ್ದಕ್ಕೂ ಕಣ್ಣಾಡಿಸಿ ಕೇಳಿದಳು: "ಈ ಬೀದೀಲಿ ಎಷ್ಟ್ ಮನೇಗೆ ಹಿಂಗೆ ಸಹಿ ಹಾಕಿದ್ದೀಯೆ?"

"ಹನ್ನೊಂದು."

"ಮಕ್ಳಿರೋ ಮನೆ ಎಷ್ಟು?"

"ಎಲ್ಲಾ."

"ಮತ್ತೆ ಇಲ್ಯಾಕ್ ನಿಂತಿದ್ದೀಯೆ?"

ವರ್ನಿಟಾ ಪರೀಕ್ಷೆಯ ಪೆಟ್ಟಿಗೆ ಎತ್ತಿಕೊಂಡು, ಆ ಹನ್ನೊಂದರಲ್ಲಿ ಒಂದಾದ ಪಕ್ಕದ ಮನೆಗೆ ಹೋದಳು. ಕಾಗದ ಹಾಕದೆ ಪರೀಕ್ಷೆ ಮಾಡಿದರೆ ಕೆಲಸಕ್ಕೆ ಸಂಚಕಾರ. ಬಾಗಿಲು ಬಡಿದಳು.

"ಯಾರದು?"

"ನಗರಸಭೆಯಿಂದ. ಸೀಸ ನೋಡೋಕೆ ಬಂದಿದೀನಿ."

ಒಳಗೆ ಕುರ್ಚಿ ಎಳೆದ ಸದ್ದು. "ಅಯ್ಯಯ್ಯೋ, ಹೇಳ್ದೆ ಕೇಳ್ದೆ ಬಂದ್ಬುಟ್ರಾ! ಒಂದ್ಗಳಿಗೆ ಇರವ್ವಾ. ಮನೆ ಹಿಂಗಿರೋದ್ ನೋಡ್ಬುಟ್ರೆ ನನ್ ಮಾನ ಏನಾಗ್ಬೇಕು?"

"ಒರೆಸಬೇಡಮ್ಮಾ! ಹಂಗೇ ತೆಗಿ!" ವರ್ನಿಟಾ ಎರಡೂ ಕೈಯಿಂದ ಬಾಗಿಲು ಗುದ್ದಿದಳು. "ಒರೆಸಬೇಡ! ನಿನ್ನ ದಮ್ಮಯ್ಯ, ಒರೆಸಬೇಡ!"

ಒಳಗೆ ನಲ್ಲಿ ಬಿಟ್ಟ ಸದ್ದಾಯಿತು. ಖಾಲಿ ಬಕೆಟ್ಟಿಗೆ ನೀರು ದಬದಬ ಬೀಳತೊಡಗಿತು. ಯಾವುದೋ ಮಗು ಬರಿಗಾಲಲ್ಲಿ ಆ ಸದ್ದಿನ ಕಡೆಗೆ ಓಡಿತು. ಬಾಗಿಲ ಸಂದಿಯಿಂದ ಬ್ಲೀಚಿನ ವಾಸನೆ ಬಂತು.