ತಲೆಯ ಮೇಲಿಟ್ಟ ಪಾದ

ಮೊಹರ್ ಸಿಂಗ್ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಸೋಮವಾರ ಬೆಳಿಗ್ಗೆ, ಲಿಂಗಪೂಜೆಗೆ ಕೂತಿದ್ದಾಗ. ನೇಕಾರ ಯಲ್ಲಯ್ಯ ಗುಡಿಸಲಿನ ಹೊರಗೆ ನಿಂತು, "ಅಯ್ಯನವರ, ಸರ್ದಾರ ಹೋದ್ರೀ" ಎಂದ. ಪೂಜೆಯನ್ನು ನಡುವೆ ಬಿಟ್ಟು ಏಳಬಾರದು. ನಾನು ಎದ್ದೆ.

ಅದು ಪ್ಲೇಗಿನ ಎರಡನೆಯ ವರ್ಷ. ಮಕ್ತಲ್ ಊರೆಲ್ಲ ಖಾಲಿಯಾಗಿ, ನಾವು ನಾರಾಯಣಪೇಟೆಯ ದಾರಿಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಮೊಹರ್ ಸಿಂಗ್ ನಿಜಾಮ ಸರ್ಕಾರದ ಸಿಖ್ ಪಡೆಯಲ್ಲಿದ್ದು, ನಾರಾಯಣಪೇಟೆಯ ಖಜಾನೆಗೆ ಕಾವಲಿದ್ದವನು. ನೌಕರಿ ಮುಗಿದ ಮೇಲೆ ಇಲ್ಲಿಯೇ ಉಳಿದ. ಹೆಂಡತಿ ಮಕ್ಕಳಿರಲಿಲ್ಲ, ತಮ್ಮನೊಬ್ಬ ಹೈದರಾಬಾದಿನಲ್ಲಿದ್ದ. ಬಂಧುಗಳೇ ಬಂಧುಗಳನ್ನು ಬಿಟ್ಟು ಓಡುತ್ತಿದ್ದ ಆ ದಿನಗಳಲ್ಲಿ ಅವನು ನಮ್ಮ ಗುಡಿಸಲುಗಳ ನಡುವೆ ಒಲೆ ಹೂಡಿದ. ಎರಡು ಹೊತ್ತು ಜೋಳದ ರೊಟ್ಟಿ, ಬೇಳೆ. ಲಿಂಗವಂತರು, ನೇಕಾರರು, ಊರ ಹೊರಗಿನ ಕೇರಿಯವರು, ಎಲ್ಲರೂ ಒಂದೇ ಸಾಲಿನಲ್ಲಿ ಕೂಡಬೇಕು. ಬೇರೆ ಕೂಡುತ್ತೇನೆ ಎಂದವರಿಗೆ ಅವನು ಬಡಿಸುತ್ತಿರಲಿಲ್ಲ. ಜಂಗಮನಾದ ನಾನು ಮೂರು ದಿನ ಉಪವಾಸವಿದ್ದು, ನಾಲ್ಕನೆಯ ದಿನ ಹೋಗಿ ಕೂತೆ.

"ಇದು ನಮ್ಮ ದಾಸೋಹನ ಐತಲ್ಲೋ ಸಿಂಗ" ಎಂದೆ.

"ನಾವು ಲಂಗರ್ ಅಂತೀವ್ರಿ."

"ಎರಡೂ ಒಂದ ಬಿಡು."

"ಒಂದ ಅಲ್ರಿ, ಅಣ್ಣತಮ್ಮ. ಅಣ್ಣತಮ್ಮರಿಗೆ ಮನಿ ಬ್ಯಾರೆ ಇರಬೇಕ್ರೀ ಅಯ್ಯನವರ. ಒಂದ ಮನ್ಯಾಗಿಟ್ರ ಬಡದಾಡ್ತಾರ!"

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಅವನು ಹೇಳಿದ್ದನ್ನು ಮಾತ್ರ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಹೆಣ ಹೊರುವವರಿಲ್ಲದ ಮನೆಗಳಿಗೂ ಅವನೇ ಹೋಗುತ್ತಿದ್ದ. ಬಾಗಿಲಲ್ಲಿ ನಿಂತು, "ನಿಮ್ಮಾಗ ಸುಡೂದೋ, ಹೂಳೂದೋ? ತಲಿ ಯಾವ ದಿಕ್ಕಿಗ್ರಿ?" ಎಂದು ಕೇಳಿಕೊಂಡೇ ಹೆಗಲು ಕೊಡುತ್ತಿದ್ದ. ಶುಕ್ರವಾರ ಅವನ ಕಂಕುಳಲ್ಲಿಯೇ ಗಡ್ಡೆ ಎದ್ದಿತು. ಭಾನುವಾರ ಸಂಜೆಯವರೆಗೆ ಮಾತಾಡಿದ.

ಹೆಣವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಕೃಷ್ಣಾ ಠೇಷನ್ನಿಗೆ ಹೋಗಿ ತಮ್ಮನಿಗೆ ತಂತಿ ಕೊಡಲು ಯಲ್ಲಯ್ಯನನ್ನು ಕಳಿಸಿ, ಉಳಿದವರು ಸುತ್ತ ನಿಂತೆವು. ಅವನ ಒಲೆಗೆ ಸೌದೆ ತರುತ್ತಿದ್ದ ಮುದುಕಿ ಬುಚ್ಚಮ್ಮ, "ಅವರ ಪದ್ಧತಿ ಏನೈತೋ ಯಾರನ್ನರ ಕೇಳಬ್ಯಾಡೇನ್ರಿ? ಗದ್ವಾಲದಾಗ ಅವರ ಮಂದಿ ಒಬ್ಬ ಅದಾನಂತ" ಎಂದಳು.

"ಅವನ ಮಂದಿ ನಾವ" ಎಂದು ನಾನು ಗದರಿಸಿದೆ. "ಇವನು ಶರಣ. ಶರಣಗ ಆಗೂದು ಇವಗ ಆಗ್ತೈತಿ."

ನಮಗೆ ಗೊತ್ತಿದ್ದ ದೊಡ್ಡ ಮರ್ಯಾದೆಯನ್ನೇ ಮಾಡಿದೆವು. ರುಮಾಲು ಬಿಚ್ಚಿ ಮೈತೊಳೆದು, ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ಕೂಡಿಸಿದೆವು. ಎಡಗೈಯಲ್ಲಿ ಲಿಂಗವಿಟ್ಟೆವು. ಗುಂಡಿಗೆ ಇಳಿಸುವ ಮೊದಲು ನನ್ನ ಬಲಪಾದವನ್ನು ಅವನ ತಲೆಯ ಮೇಲಿಟ್ಟು ಮಂತ್ರ ಹೇಳಿದೆ. ಜಂಗಮಪಾದ ತಲೆಗೆ ಸೋಕಿ ಹೋದವನಿಗೆ ಮರುಹುಟ್ಟಿಲ್ಲ ಎಂಬುದು ನಮ್ಮ ನಂಬಿಕೆ. ಉದ್ದ ಕೂದಲು ನನ್ನ ಅಂಗಾಲಿಗೆ ಮೆತ್ತಗೆ ತಾಗಿತು. ಅಳುತ್ತಲೇ ಉಪ್ಪು, ವಿಭೂತಿ, ಮಣ್ಣು ತುಂಬಿದೆವು. ಪ್ಲೇಗಿನ ಕಾಯಿದೆಯಂತೆ ಅವನ ಬಟ್ಟೆಗಳನ್ನೂ ರುಮಾಲನ್ನೂ ಸುಟ್ಟೆವು.

ಗುರುವಾರ ತಮ್ಮ ಬಂದ. ಅತ್ತರ್ ಸಿಂಗ್ ಎಂದು ಹೆಸರು, ಅಣ್ಣನದೇ ಮುಖ. ರಾಯಚೂರಿನಲ್ಲಿ ನೌಕರಿ ಮಾಡಿದ್ದವನಾದ್ದರಿಂದ ನಮ್ಮ ಮಾತು ಬರುತ್ತಿತ್ತು. ಬಂಡಿಯಿಂದ ಇಳಿದವನೇ, "ಅಸ್ಥಿ ಎಲ್ಲಿ ಇಟ್ಟೀರಿ? ನಾಂದೇಡಕ್ಕ ಒಯ್ದು ಗೋದಾವರಿಗೆ ಬಿಡಬೇಕ್ರಿ" ಎಂದ.

ನಾನು ಮಣ್ಣಿನ ದಿಬ್ಬವನ್ನು ತೋರಿಸಿದೆ. ಅವನಿಗೆ ಸಮಾಧಾನವಾದೀತೆಂದು ನಡೆದದ್ದನ್ನೆಲ್ಲ ಹೇಳಿದೆ. ಪಾದ ಇಟ್ಟದ್ದನ್ನೂ ಹೇಳಿದೆ.

"ತಲಿಮ್ಯಾಗ ಕಾಲು?" ಎಂದ ಅವನು. "ರುಮಾಲು ತಗದು?"

"ಅದು ಮರ್ಯಾದಿರೀ ನಮ್ಮಾಗ."

"ನಾವು ಬೆಂಕಿಗೆ ಕೊಡ್ತೀವ್ರಿ. ನಮ್ಮ ಅಣ್ಣ ಯಾವತ್ತೂ ಹೇಳಲಿಲ್ಲೇನು?"

"ನಾವು ಕೇಳಲಿಲ್ರಿ" ಎಂದೆ. ಇಪ್ಪತ್ತು ವರ್ಷ ಅವನು ನಮ್ಮ ನಡುವೆ ಇದ್ದ. ನಮ್ಮ ಹೆಣ ಯಾವ ದಿಕ್ಕಿಗೆ ತಲೆಯಿಡಬೇಕೆಂದು ಅವನಿಗೆ ಗೊತ್ತಿತ್ತು. ಅವನದು ನಮಗೆ ಗೊತ್ತಿರಲಿಲ್ಲ. ಪ್ರೀತಿ ಇದ್ದರೆ ಸಾಕು, ಕೇಳುವುದೇನು ಎಂದುಕೊಂಡಿದ್ದೆ.

ದಿಬ್ಬ ತೆಗೆದು ಸುಡಲು ಅಪ್ಪಣೆ ಬೇಡಿ ನಾವಿಬ್ಬರೂ ಪೊಲೀಸ್ ಠಾಣೆಯ ಅಮೀನರ ಬಳಿಗೆ ಹೋದೆವು. ನಾನು ಅವರ ಕಾಲು ಹಿಡಿದೆ. ಅಮೀನರು ಒಳ್ಳೆಯವರು, ಆದರೂ, "ಪ್ಲೇಗಿನ ಹೆಣ ತಗಿಯಾಕ ಬರೂದಿಲ್ಲ ಸ್ವಾಮಿ. ಇನ್ನಷ್ಟು ಮಂದೀನ್ನ ಕೊಲ್ತೀರೇನು?" ಎಂದರು. ಅದಕ್ಕೆ ಅತ್ತರ್ ಸಿಂಗನೇ ತಲೆಯಾಡಿಸಿದ. ಜನ ಸಾಯುವುದಾದರೆ ತನ್ನ ಅಣ್ಣನೂ ಒಪ್ಪುತ್ತಿರಲಿಲ್ಲ ಎಂದ.

ಹಿಂತಿರುಗಿ ಬಂದು ದಿಬ್ಬದ ಪಕ್ಕದಲ್ಲಿ ಕೂತು ಬಹಳ ಹೊತ್ತು ತನ್ನ ಗುರುಗಳ ಮಾತುಗಳನ್ನು ಓದಿದ. ನಾನು ದೂರ ನಿಂತಿದ್ದೆ. ಹೋಗುವಾಗ ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮಗ ಗೊತ್ತಿರಲಿಲ್ಲ" ಎಂದಷ್ಟೇ ಹೇಳಿ, ಬರಿಗೈಯಲ್ಲಿ ಬಂಡಿ ಹತ್ತಿದ. ಮರುದಿನ ಒಲೆ ಹೊತ್ತಿಸುವವರಿಲ್ಲದೆ ಸಾಲು ಒಡೆಯಿತು. ಅವರವರು ಅವರವರ ಗುಡಿಸಲಲ್ಲಿ, ಅವರವರ ಮಂದಿಯೊಡನೆ ಉಣ್ಣತೊಡಗಿದರು.

ಹನ್ನೊಂದು ವರ್ಷವಾಯಿತು. ಪೂಜೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ಯಾರಾದರೂ ಪಾದ ಮುಟ್ಟಲು ಬಗ್ಗಿದರೆ ಎಳೆದುಕೊಳ್ಳುತ್ತೇನೆ. ತಪ್ಪನ್ನು ತಿದ್ದುವ ದಾರಿ ನನಗೆ ಉಳಿದಿಲ್ಲ, ಬೇಡುವುದೊಂದೇ ಉಳಿದಿದೆ.

ಶಿವನೇ, ಮೊಹರ್ ಸಿಂಗನು ನಿನ್ನನ್ನು ಯಾವ ಹೆಸರಿನಿಂದ ಕರೆಯುತ್ತಿದ್ದನೋ ಆ ಹೆಸರಿನಲ್ಲಿಯೇ ಅವನಿಗೆ ಓಗೊಡು. ಅವನ ಗುರುಗಳಿರುವಲ್ಲಿಗೆ ಅವನನ್ನು ಸೇರಿಸು. ನನ್ನ ಅಜ್ಞಾನ ಅವನ ದಾರಿಗೆ ಅಡ್ಡವಾಗದಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.