ಮಲಗಿದವರ ಕೋಟು

ನನ್ನ ಗಂಡ ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಹೆಂಡತಿಯ ಬಾಯಲ್ಲಿ ಹೊಗಳಿಕೆ ಅಂದುಕೊಳ್ಳಬೇಡಿ, ನಾನು ಹೊಗಳುವ ಪೈಕಿ ಅಲ್ಲ. ಅವರು ಕತ್ತರಿಸಿ ಹೊಲಿದದ್ದಕ್ಕೆ ಕಾಜಾ ಹಾಕಿ ಗುಂಡಿ ಹಚ್ಚುವುದು ಮದುವೆಯಾದಾಗಿನಿಂದ ನನ್ನ ಕೆಲಸ. ಎಲ್ಲಿ ಎಳೆ ತಪ್ಪಿದರೂ ಮೊದಲು ಬೈಯುವವಳು ನಾನೇ. ಅಳತೆಯನ್ನು ಅವರು ಎಲ್ಲೂ ಬರೆದಿಡುವುದಿಲ್ಲ. ಒಂದು ಸಲ ಟೇಪು ಹಿಡಿದರೆ ಆ ಮೈ ಅವರ ತಲೆಯಲ್ಲಿ ಕೂತುಬಿಡುತ್ತದೆ. ದಾರಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಹೆಸರು ನೆನಪಾಗುವುದಿಲ್ಲ, "ಎಡ ಭುಜ ಇಳಿಮುಖ" ಅನ್ನುತ್ತಾರೆ.

ಕುಡಿತ ಯಾವಾಗ ಶುರುವಾಯಿತು ಅಂತ ಮಾತ್ರ ಕೇಳಬೇಡಿ. ಮೊದಲು ಸಂಜೆಗೆ ಇತ್ತು, ಆಮೇಲೆ ಮಧ್ಯಾಹ್ನಕ್ಕೂ ಬಂತು. ಬೆಳಿಗ್ಗೆ ಅವರ ಬೆರಳು ಎಷ್ಟು ನಡುಗುತ್ತಿತ್ತೆಂದರೆ ಸೂಜಿಗೆ ದಾರ ನಾನೇ ಪೋಣಿಸಿ ಕೊಡಬೇಕಿತ್ತು. ಮಧ್ಯಾಹ್ನ ನಾನು ಅಡುಗೆಗೆಂದು ಮನೆಗೆ ಹೋದರೆ ಸಾಕು, ಕಪಾಟಿನ ಹಿಂದಿನ ಬಾಟಲಿ ಹೊರಗೆ ಬರುತ್ತಿತ್ತು. ವಾಪಸು ಬಂದಾಗ ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿರುವರು. "ಸ್ವಲ್ಪ ಕಣ್ಣು ಹತ್ತಿತ್ತು" ಅನ್ನುವರು. ನಾನೂ ನಂಬಿದ್ದೆ.

ಆ ಕೋಟು ಮೊದಲು ಕಂಡದ್ದು ಗಿರಾಕಿಗಳ ಬಟ್ಟೆ ತೂಗುಹಾಕುವ ಕೋಲಿನಲ್ಲಿ. ಕಡುಬೂದು ಬಟ್ಟೆ. ಮುಂಭಾಗದ ಎರಡು ತುಂಡು ಮಾತ್ರ, ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು.

"ಇದು ಯಾರದ್ರೀ?"

"ನನ್ನ ಕೇಳ್ತೀಯಲ್ಲ, ನೀನೇ ಬಟ್ಟೆ ಇಸ್ಕೊಂಡಿರ್ಬೇಕು."

"ನಾನು ಯಾರ ಹತ್ರಾನೂ ಇಸ್ಕೊಂಡಿಲ್ಲ."

"ಹಾಗಾದ್ರೆ ದೆವ್ವ ಬಂದು ಕೊಟ್ಟು ಹೋಯ್ತು ಬಿಡು" ಅಂತ ನಕ್ಕರು.

ಮರುದಿನ ಅದಕ್ಕೆ ತೋಳು ಬಂದಿತ್ತು. ಅದರ ಮಾರನೆಯ ದಿನ ಕಾಲರು. ಅವರ ನಗು ನಿಂತಿತು. ಯಾರೋ ಕಳ್ಳಕೀಲಿ ಮಾಡಿಸಿದ್ದಾರೆ ಅಂತ ಬೀಗ ಬದಲಾಯಿಸಿದರು. ಅಲ್ಲ, ಕದಿಯುವ ಕಳ್ಳರನ್ನು ಕಂಡಿದ್ದೇನೆ, ಬಂದು ಹೊಲಿದುಕೊಟ್ಟು ಹೋಗುವ ಕಳ್ಳ ಎಲ್ಲಾದರೂ ಇದ್ದಾನೆಯೇ? ಹೊಸ ಬೀಗ ಹಾಕಿದ ಮೇಲೂ ಕೋಟು ಬೆಳೆಯುತ್ತಲೇ ಇತ್ತು.

ಒಂದು ದಿನ ಅದನ್ನು ತಿರುಗಿಸಿ ನೋಡಿದೆ. ಬೆನ್ನು ಕತ್ತಿನಿಂದ ಕೆಳಗಿನವರೆಗೂ ಸೀಳಿತ್ತು, ಅಂಚಿಗೆ ಲಾಡಿಗಳಿದ್ದವು. ಜೇಬು ಒಂದೂ ಇರಲಿಲ್ಲ.

ಇಂಥ ಕೋಟನ್ನು ನಾವು ಹಿಂದೆ ಶವಪೆಟ್ಟಿಗೆ ಅಂಗಡಿಯವರಿಗೆ ಹೊಲಿದು ಕೊಡುತ್ತಿದ್ದೆವು. ಸತ್ತವರ ಕೈ ಮಡಚಿ ತೋಳಿಗೆ ಸೇರಿಸುವುದು ಕಷ್ಟ. ಅದಕ್ಕೆ ಬೆನ್ನು ಸೀಳಿಟ್ಟು, ಮುಂದಿನಿಂದ ತೊಡಿಸಿ, ಅಡಿಯಲ್ಲಿ ಲಾಡಿ ಕಟ್ಟಿಬಿಡುತ್ತಾರೆ. ನಮ್ಮ ಅಂಗಡಿಯಲ್ಲಿ ಅದಕ್ಕೆ 'ಮಲಗಿದವರ ಕೋಟು' ಅಂತಲೇ ಹೆಸರು. ನನಗೆ ಅದು ಒಗ್ಗದೆ ಆ ಕೆಲಸವನ್ನೇ ಬಿಡಿಸಿದ್ದೆ.

ಲಾಡಿಯ ತುದಿಯ ದಾರ ನೋಡಿದೆ. ಕತ್ತರಿಯಿಂದ ಕತ್ತರಿಸಿದ್ದಲ್ಲ, ಹಲ್ಲಿನಿಂದ ಕಡಿದದ್ದು. ಎಷ್ಟು ಬೈದರೂ ದಾರವನ್ನು ಹಲ್ಲಲ್ಲೇ ಕಡಿಯುವ ಮನುಷ್ಯ ನನಗೆ ಗೊತ್ತಿದ್ದವನು ಒಬ್ಬನೇ.

ಅಂದು ಮಧ್ಯಾಹ್ನ ಒಲೆ ಹಚ್ಚದೆ ಅರ್ಧ ದಾರಿಯಿಂದಲೇ ಹಿಂದಕ್ಕೆ ಬಂದೆ. ಬಾಗಿಲು ಮುಂದಕ್ಕೆ ಹಾಕಿತ್ತು. ಬಿಸಿಲು ಕಿಟಕಿಯಿಂದ ಮಿಷನ್ನಿನ ಮೇಲೆ ಬಿದ್ದಿತ್ತು. ಅವರು ಬೆನ್ನು ನೆಟ್ಟಗೆ ಮಾಡಿ ಕೂತು ಕೋಟಿನ ಅಂಚು ಹೊಲಿಯುತ್ತಿದ್ದರು. ಕಣ್ಣು ತೆರೆದಿತ್ತು. ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ. ಎಷ್ಟೋ ಕಾಲದಿಂದ ಅಂಥ ಹೊಲಿಗೆ ನಾನು ಅವರ ಕೈಯಲ್ಲಿ ಕಂಡಿರಲಿಲ್ಲ.

"ರೀ" ಅಂದೆ.

ತಲೆಯೆತ್ತಿದರು. ನನ್ನ ಗುರುತೇ ಇಲ್ಲ. ಹೊಸ ಗಿರಾಕಿಗಳಿಗೆ ತೋರಿಸುವ ಆ ವಿನಯದ ನಗು ಮುಖಕ್ಕೆ ಬಂತು.

"ಬನ್ನಿ ಅಮ್ಮಾ. ಎಲ್ಲ ಆಯ್ತು, ಕಾಜಾ ಗುಂಡಿ ಮಾತ್ರ ಬಾಕಿ. ಅದನ್ನ ನಮ್ಮನೆಯವಳು ಹಾಕ್ತಾಳೆ. ಯಾವತ್ತಿಗೆ ಬೇಕು ನಿಮಗೆ?"

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಮರುದಿನ ಬೆಳಿಗ್ಗೆ ಅವರಿಗೆ ಏನೂ ನೆನಪಿರಲಿಲ್ಲ. ನಡುಗುವ ಕೈಯಲ್ಲಿ ಆ ಕೋಟನ್ನೇ ಎತ್ತಿ ನನ್ನ ಮುಂದೆ ಹಿಡಿದರು. "ಯಾರದೋ ಏನೋ, ಕಾಜಾ ಹಾಕಿಬಿಡು. ಬಂದವರು ತಗೊಂಡು ಹೋಗ್ಲಿ, ಪೀಡೆ ಕಳೀಲಿ."

"ಹಾಕ್ತೀನಿ. ಮೊದಲು ಇದು ಎಂಥವನ ಮೈ ಹೇಳಿ."

ಕಸುಬಿನ ಮಾತು ಬಂದರೆ ಅವರು ಉಬ್ಬುತ್ತಾರೆ. ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿದರು. "ಭುಜ ಅಗಲ ಇದ್ದವನು, ಈಗ ಕುಸಿದುಹೋಗಿದೆ. ತೋಳಲ್ಲಿ ಮಾಂಸ ಇಲ್ಲ. ಹೊಟ್ಟೆ ಮಾತ್ರ ನೋಡು, ನೀರು ತುಂಬಿದ ಹಾಗೆ ಊದಿಕೊಂಡಿದೆ." ಸೊಂಟದ ಅಂಚು ಮಡಚಿ ನೋಡಿದರು. "ಕುಡುಕ ಕಣೇ ಇವನು. ಪಾಪ, ಹೆಚ್ಚು ದಿನ ಇಲ್ಲ. ಯಾವನ ಮೈ ಅಂತ ನೆನಪಾಗ್ತಿಲ್ಲ ನೋಡು."

"ಕೈ ಮುಂದೆ ಮಾಡಿ" ಅಂದೆ.

"ಹುಚ್ಚು ಹಿಡೀತಾ ನಿನಗೆ?"

"ಮಾಡಿ ಅಂದ್ರೆ ಮಾಡಿ!"

ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು. ಅವರು ಕೈ ಚಾಚಿದರು. ತೋಳು ಏರಿಸಿದೆ, ಹಿಂದೆ ಹೋಗಿ ಒಂದೊಂದೇ ಲಾಡಿ ಕಟ್ಟಿದೆ. ಭುಜದಲ್ಲಿ ಒಂದು ಸುಕ್ಕಿಲ್ಲ, ಹೊಟ್ಟೆಯ ಮೇಲೆ ಒಂದು ಎಳೆತವಿಲ್ಲ. ಟ್ರಯಲ್ ಕನ್ನಡಿಯ ಮುಂದೆ ನಿಲ್ಲಿಸಿದೆ. ಎಷ್ಟೋ ಹೊತ್ತು ನೋಡಿದರು. ಆಮೇಲೆ ಮಕ್ಕಳ ದನಿಯಲ್ಲಿ ಅಂದರು, "ಬಿಚ್ಚೇ. ನನ್ನ ಕೈಗೆ ಲಾಡಿ ಸಿಗ್ತಿಲ್ಲ."

ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಿನವೂ ಕುಡಿಯುವ ಮೈ, ಮನೆಯಲ್ಲಿ ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಅಂತ ಡಾಕ್ಟರಮ್ಮ ಅಲ್ಲೇ ಮಲಗಿಸಿಕೊಂಡರು. ಬೆವರು, ವಾಂತಿ, ಮಂಚವೇ ಅಲ್ಲಾಡುವ ನಡುಕ. ಎರಡನೆಯ ಸಂಜೆ ಮೂಲೆಯತ್ತ ಬೆರಳು ಮಾಡಿದರು.

"ಅವನು ಬಂದಿದ್ದಾನೆ. ಕೋಟು ಕೇಳ್ತಿದ್ದಾನೆ."

ಮೂಲೆಯಲ್ಲಿ ಒಂದು ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ನನಗೆ ಕೋಪ ನೆತ್ತಿಗೇರಿತು. ಎದ್ದು ಆ ಕುರ್ಚಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತೆ. "ಕಾಜಾ ಹಾಕೋಳು ನಾನು. ನಾನು ಹಾಕಲ್ಲ. ನಡೀರಿ ಆಚೆ!" ನರ್ಸಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ನನಗೂ ಔಷಧಿ ಬೇಕೇನೋ ಅಂದುಕೊಂಡಿರಬೇಕು.

ಮೈ ಚೇತರಿಸಿಕೊಂಡು ಅಂಗಡಿಗೆ ಬಂದ ದಿನ ನಾನು ಸೀಮೆಎಣ್ಣೆ, ಬೆಂಕಿಪೊಟ್ಟಣ ಸಿದ್ಧ ಮಾಡಿಟ್ಟಿದ್ದೆ. ಆ ಮಧ್ಯಾಹ್ನ ನಾನು ಕಂಡದ್ದನ್ನು ಆಸ್ಪತ್ರೆಯಲ್ಲೇ ಅವರಿಗೆ ಹೇಳಿದ್ದೆ. ಅವರೇ ತಡೆದರು.

"ಸುಡಬೇಡ. ಸುಟ್ರೆ ಕುಡಿದಾಗ ನನ್ನೊಳಗೆ ಏಳೋ ಅವನು ಇನ್ನೊಂದು ಹೊಲೀತಾನೆ. ಅಳತೆ ಅವನಿಗೆ ಬಾಯಿಪಾಠ."

ಹಾಗೆ ಅದು ಕೋಲಿನಲ್ಲೇ ಉಳಿಯಿತು. ಕುಡಿತ ಬಿಟ್ಟವರ ಕೂಟಕ್ಕೆ ವಾರವಾರ ಹೋಗುತ್ತಾರೆ, ಡಾಕ್ಟರಮ್ಮನ ಮಾತ್ರೆ ನುಂಗುತ್ತಾರೆ. ಮಧ್ಯಾಹ್ನದ ಊಟ ಈಗ ನಾನು ಅಂಗಡಿಗೇ ಕಟ್ಟಿ ತರುತ್ತೇನೆ.

ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ನಾನು ಒಂದು ಸಾವಿನ ಮನೆಗೆ ಹೋಗಿ ಬರಬೇಕಾಯಿತು. ವಾಪಸು ಬಂದಾಗ ಅವರು ಕೋಟಿನ ಮುಂದೆ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. ಬಾಯಿಂದ ವಾಸನೆ. ಕೋಟಿನ ಎದೆಯ ಮೇಲೆ ಕಾಜಾ ಹಾಕಬೇಕಾದ ಕಡೆಯೆಲ್ಲ ಸೀಮೆಸುಣ್ಣದ ಗೆರೆಗಳು, ಸಮ ಅಂತರದಲ್ಲಿ, ನೇರವಾಗಿ ಇದ್ದವು. ನಾನು ಬಾಯಿ ತೆರೆಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡರು. "ಡಾಕ್ಟರಮ್ಮನ ಹತ್ರ ಹೋಗ್ತೀನಿ. ನೀನೂ ಬಾ, ಒಬ್ಬನೇ ಹೋದ್ರೆ ದಾರಿ ತಪ್ಪುತ್ತೆ." ಅವತ್ತು ನಾನು ಅವರನ್ನು ಬೈಯಲಿಲ್ಲ.

ಆ ಗೆರೆಗಳನ್ನು ಉಜ್ಜಿ ತೆಗೆದಿದ್ದೇನೆ. ಬೆಳಕಿಗೆ ಹಿಡಿದರೆ ಇನ್ನೂ ಕಾಣುತ್ತವೆ.

ಈಗ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲು ಅವರು ಕನ್ನಡಿಯ ಮುಂದೆ ನಿಂತು ಕೈ ಚಾಚುತ್ತಾರೆ. ನಾನು ತೋಳು ಏರಿಸಿ ಲಾಡಿ ಕಟ್ಟುತ್ತೇನೆ. ಹೊಂದಲ್ಲ ಅನ್ನುವ ಮಾತು ಗಿರಾಕಿಯ ಬಾಯಲ್ಲಿ ಬಂದರೆ ನಮ್ಮವರಿಗೆ ಅವತ್ತು ಅನ್ನ ಸೇರುವುದಿಲ್ಲ, ಅಷ್ಟು ಅವಮಾನ. ಆದರೆ ಕೋಟು ತೊಟ್ಟಾಗ ಉಸಿರು ಬಿಗಿಹಿಡಿದು ಅದೇ ಮಾತಿಗೆ ಕಾಯುತ್ತಾರೆ. ನಾನು ಹೊಟ್ಟೆಯ ಹತ್ತಿರ ಬಟ್ಟೆ ಹಿಡಿದು ನೋಡುತ್ತೇನೆ, ಸಡಿಲ. ಭುಜ ಒತ್ತಿ ನೋಡುತ್ತೇನೆ, ಬಿಗಿ.

"ಹೊಂದಲ್ಲ ರೀ" ಅನ್ನುತ್ತೇನೆ.

ಅವರು ಉಸಿರು ಬಿಟ್ಟು, ಬಾಗಿಲು ತೆರೆಯಲು ಹೋಗುತ್ತಾರೆ.