ಇಬ್ಬರಿಗೊಂದು ಸ್ವರಪುಸ್ತಕ

ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಆಕೆ ಭಾನುವಾರದ, ಬರೋಕ್ ಅನ್ನುವ ಹಳೆಯ ಯುರೋಪಿಯನ್ ಸಂಗೀತದ ಕಾರ್ಯಾಗಾರಕ್ಕೆ ಹೆಸರು ಕೊಟ್ಟಿದ್ದು, ಮನೆಯಲ್ಲಿ ಒಬ್ಬಳೇ ಕೂತು ಕೂತು ಸಾಕಾಗಿ. ಹವ್ಯಾಸಿಗಳೆಲ್ಲ ಬೆಳಿಗ್ಗೆ ಸೇರಿ, ಮುನ್ನೂರು ವರ್ಷ ಹಿಂದಿನ ಒಂದು ಶೋಕಗೀತೆ ಕಲಿತು, ಸಂಜೆ ಐದಕ್ಕೆ ವಾದ್ಯಗಳ ಜೊತೆ ಹಾಡಿ ಮುಗಿಸುವುದು, ಅಷ್ಟೇ.

ಶಾಲೆಯ ಸಭಾಂಗಣದಲ್ಲಿ, ಕೆಳದನಿಯಲ್ಲಿ ಹಾಡುವ ಹೆಂಗಸರ ಸಾಲಿನಲ್ಲಿ ಖಾಲಿ ಉಳಿದಿದ್ದು ಒಂದೇ ಕುರ್ಚಿ. ಅದರ ಪಕ್ಕ ಅವಳ ಅಕ್ಕ ಕೂತಿದ್ದಳು.

ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಹಾಸಿಗೆ ಹಿಡಿದ ಅಮ್ಮನನ್ನು ಇವಳು ವೃದ್ಧಾಶ್ರಮಕ್ಕೆ ಸೇರಿಸಿದಾಗ ಅಕ್ಕ, "ಹೆತ್ತವಳನ್ನೇ ಹೊರಗೆ ಹಾಕಿದೆಯಲ್ಲ" ಅಂದಿದ್ದಳು. "ಎರಡು ವರ್ಷ ಹೇಲು ಉಚ್ಚೆ ಬಳಿದಿದ್ದು ನಾನು, ನೀನಲ್ಲ" ಅಂದಿದ್ದಳು ಇವಳು. ಅಮ್ಮ ತೀರಿಕೊಂಡ ಮೇಲೂ ಆ ಗಂಟು ಸಡಿಲಾಗಲಿಲ್ಲ.

ಹಾಡಿಸುವ ಮೇಷ್ಟ್ರು ಮೊಣಕೈ ಸವೆದ ಸ್ವೆಟರಿನ ಮನುಷ್ಯ. ಸ್ವರಪುಸ್ತಕ ಸಾಲದು, ಇಬ್ಬರಿಗೊಂದು ಅಂದುಬಿಟ್ಟರು. ಅಕ್ಕ ಮುಖ ತಿರುಗಿಸದೆಯೇ ಪುಸ್ತಕವನ್ನು ನಡುವೆ ಹಿಡಿದಳು. ಇವಳು ಹಾಳೆ ತಿರುವಿದಳು. ಅಕ್ಕನಿಗೆ ಉದ್ದ ಸಾಲಿನ ಮಧ್ಯೆ ಉಸಿರು ಸಾಲದೆ ಹೋಗುವುದು ಚಿಕ್ಕಂದಿನಿಂದಲೂ ಇದ್ದದ್ದೇ. ಅಲ್ಲೆಲ್ಲ ಇವಳ ದನಿ ತಾನಾಗಿಯೇ ಏರಿ ಅವಳದನ್ನೂ ಹೊತ್ತುಕೊಂಡಿತು.

"ಹಿಂದಿನ ಸಾಲು, ಎಳೀಬೇಡಿ. ಸತ್ತವರಿಗೆ ಅವಸರ ಇಲ್ಲ, ನಮಗಿದೆ" ಅಂದರು ಮೇಷ್ಟ್ರು. ಎಲ್ಲ ನಕ್ಕರು. ಅಕ್ಕ ನಗಲಿಲ್ಲ.

ಚಹಾದ ಹೊತ್ತಿಗೆ ಇವಳೇ ಸೋತು ಕೇಳಿದಳು, "ಭಾವ ಹೇಗಿದ್ದಾರೆ?"

ಅಕ್ಕ ಲೋಟ ಕೆಳಗಿಟ್ಟಳು. "ತೀರಿಹೋಗಿ ಹನ್ನೊಂದು ತಿಂಗಳಾಯ್ತು."

ಇವಳು ಅಕ್ಕನ ಕಡೆ ತಿರುಗಿದಳು. "ನನಗ್ಯಾಕೆ ಹೇಳಲಿಲ್ಲ?"

"ಆಸ್ಪತ್ರೆಯಿಂದ ಅವರೇ ನಿಂಗೆ ಮೂರು ಸಲ ಫೋನ್ ಮಾಡಿದ್ರು. ನಿಮ್ಮಿಬ್ಬರನ್ನ ಒಂದು ಮಾಡಿಯೇ ಹೋಗ್ತೀನಿ ಅಂತ ಹಟ. ನೀನು ಎತ್ತಲಿಲ್ಲ."

ಎತ್ತಿರಲಿಲ್ಲ, ನಿಜ. ಭಾವನ ಹೆಸರು ಕಂಡಾಗಲೆಲ್ಲ, ಅಕ್ಕನೇ ಮಾಡಿಸುತ್ತಿರಬೇಕು, ಇನ್ನಷ್ಟು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು ಅಂತ ಫೋನನ್ನು ಬೋರಲು ಹಾಕಿದ್ದಳು. ಅವರಿಗೆ ಹುಷಾರಿಲ್ಲ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಪಿಟೀಲು, ದೊಡ್ಡ ಪಿಟೀಲಿನಂಥ ಚೆಲ್ಲೊಗಳು ಸೇರಿಕೊಂಡಾಗ ಇವಳು ಹಾಡಲಿಲ್ಲ. ಸುಮ್ಮನೆ ತುಟಿ ಆಡಿಸಿದಳು. ಪಕ್ಕದಲ್ಲಿ ಅಕ್ಕ, ಉಸಿರು ತಪ್ಪಿದಲ್ಲಿ ತಪ್ಪುತ್ತ, ಮತ್ತೆ ಹಿಡಿಯುತ್ತ, ಕೊನೆಯವರೆಗೂ ಹಾಡಿದಳು.

ಮುಗಿದ ಮೇಲೆ ಇವಳು ಬಸ್ ನಿಲ್ದಾಣದವರೆಗೂ ಅಕ್ಕನ ಬೆನ್ನಿಗೇ ಹೋದಳು. "ಮನೆಗೆ ಬರಲಾ ಅಕ್ಕ?"

"ಬೇಡ." ಅಕ್ಕ ರಸ್ತೆಯ ಕಡೆಗೇ ನೋಡುತ್ತಿದ್ದಳು. "ಕೋಪ ಇಲ್ಲ ಕಣೇ. ಅಷ್ಟು ತ್ರಾಣ ಉಳಿದಿಲ್ಲ. ನಿನ್ನ ನೋಡಿದ್ರೆ, ಅವರು ಫೋನ್ ಕಿವಿಗಿಟ್ಕೊಂಡು ಕಾಯ್ತಿದ್ದದ್ದೇ ಕಣ್ಮುಂದೆ ಬರುತ್ತೆ."

ಬಸ್ಸು ಬಂತು. ಅಕ್ಕ ಹತ್ತಿ, ನಿಲ್ದಾಣ ಕಾಣದ ಬದಿಯ ಸೀಟಿನಲ್ಲಿ ಕೂತಳು. ಇವಳು ಮುಂದಿನ ಬಸ್ಸು ಹತ್ತಲಿಲ್ಲ, ಅದರ ಮುಂದಿನದನ್ನೂ ಹತ್ತಲಿಲ್ಲ.